ಭಾನುವಾರದ ಶ್ರಮದಾನ, ಸೋಮವಾರದ ಬುಟ್ಟಿ

ಜೂನ್ 5 ಬಂತೆಂದರೆ ಶಾಲೆಗಳಲ್ಲಿ ಸಡಗರ. ವಿಶ್ವ ಪರಿಸರ ದಿನದ ಜಾಥಾ, ಘೋಷಣೆ, ಭಿತ್ತಿಪತ್ರ, ಸಸಿ ನೆಡುವ ಕಾರ್ಯಕ್ರಮ, ಕೊನೆಯಲ್ಲಿ ಮುಖ್ಯ ಅತಿಥಿಗಳ ಭಾಷಣ. ಅಕ್ಟೋಬರ್ 2ರಂದು ಪೊರಕೆ ಹಿಡಿದು ಬೀದಿ ಗುಡಿಸುವ ಶ್ರಮದಾನ. ಬಡಾವಣೆಯ ಹಿರಿಯರು, ಯುವಕ ಸಂಘದವರು, ಸ್ಕೌಟ್ಸ್ ಮತ್ತು ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಎಲ್ಲರೂ ಸೇರುತ್ತಾರೆ. ಎರಡು ಗಂಟೆಯಲ್ಲಿ ಬೀದಿ ಕನ್ನಡಿಯಂತಾಗುತ್ತದೆ. ಛಾಯಾಚಿತ್ರ ತೆಗೆಸಿಕೊಂಡು, ಉಪ್ಪಿಟ್ಟು ತಿಂದು, ಕಾಫಿ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ.

ಮಾರನೆಯ ದಿನ ಅದೇ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಮೂಲೆಯ ವಿದ್ಯುತ್ ಕಂಬದ ಬುಡದಲ್ಲಿ ಮತ್ತೆ ಪ್ಲಾಸ್ಟಿಕ್ ಚೀಲಗಳ ಗುಡ್ಡೆ. ಅದರ ಮೇಲೆ ನಿನ್ನೆ ನಾವೇ ಉಪ್ಪಿಟ್ಟು ತಿಂದ ತಟ್ಟೆಗಳು, ಕಾಫಿಯ ಲೋಟಗಳು! ನಾಯಿಗಳು ಚೀಲಗಳನ್ನು ಹರಿದು ಎಳೆದಾಡಿವೆ.

ಹಾಗಾದರೆ ಶ್ರಮದಾನ ದಂಡವೇ? ಖಂಡಿತ ಅಲ್ಲ. ಆದರೆ ಅದು ಎಲ್ಲಿ ಆರಂಭವಾಗಬೇಕು, ಎಲ್ಲಿ ಮುಗಿಯಬೇಕು ಎಂಬುದನ್ನು ನಾವು ಸರಿಯಾಗಿ ಯೋಚಿಸಿಲ್ಲ. ಬೀದಿಯ ಕಸ ಬೀದಿಯಲ್ಲಿ ಹುಟ್ಟುವುದಿಲ್ಲ, ಅಡುಗೆಮನೆಯಲ್ಲಿ ಹುಟ್ಟುತ್ತದೆ. ಭಾನುವಾರದ ಶ್ರಮದಾನ ಯಶಸ್ವಿಯಾಯಿತೇ ಇಲ್ಲವೇ ಎಂದು ತಿಳಿಯಬೇಕಾದರೆ ಸೋಮವಾರ ಬೆಳಿಗ್ಗೆ ಮನೆಮನೆಯ ಕಸದ ಬುಟ್ಟಿಯನ್ನು ನೋಡಬೇಕು. ಇದು ಬರಿಯ ಮಾತಲ್ಲ. ಬೆಂಗಳೂರು ನಗರವು ದುಬಾರಿ ಬೆಲೆ ತೆತ್ತು ಕಲಿತ ಪಾಠ.

ಮಂಡೂರು ಕಲಿಸಿದ್ದು

ಬೆಂಗಳೂರಿನ ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು ಎಂಬ ಹಳ್ಳಿಗಳಿವೆ. ನಗರದ ಕಸವನ್ನು ಲಾರಿಗಳಲ್ಲಿ ತುಂಬಿ ಈ ಊರುಗಳ ಪಕ್ಕದಲ್ಲಿ ಸುರಿಯುವುದು ವರ್ಷಗಟ್ಟಲೆ ನಡೆಯಿತು. ನೊಣ, ಸೊಳ್ಳೆ, ದುರ್ನಾತ ಗ್ರಾಮಸ್ಥರ ಪಾಲಿನ ನಿತ್ಯದ ಗೋಳಾಯಿತು. ಕಸದ ರಾಶಿಯಿಂದ ಸೋರುವ ಕಪ್ಪು ರಸ ಮಣ್ಣಿಗಿಳಿಯಿತು. ಬಾವಿ, ಕೊಳವೆಬಾವಿಗಳ ನೀರು ಕೆಟ್ಟಿತೆಂದು ಜನ ದೂರಿದರು. 2012ರಲ್ಲಿ ಮಾವಳ್ಳಿಪುರದ ಕಸದ ತಾಣ ಮುಚ್ಚಿತು. ಆ ಹೊರೆಯೂ ಮಂಡೂರಿನ ಮೇಲೆ ಬಿತ್ತು. ಮಂಡೂರಿನ ಜನ ರಸ್ತೆಗಿಳಿದು ಕಸದ ಲಾರಿಗಳನ್ನು ತಡೆದರು.

ಆಗ ಏನಾಯಿತು? ಕೆಲವೇ ದಿನಗಳಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ಗುಡ್ಡೆಗಳೆದ್ದವು. ‘ಉದ್ಯಾನ ನಗರಿ’ಯನ್ನು ದೇಶವಿದೇಶಗಳ ಪತ್ರಿಕೆಗಳು ‘ಕಸದ ನಗರಿ’ ಎಂದು ಕರೆದವು. ಅಲ್ಲಿಯವರೆಗೆ ತಮ್ಮ ಕಸ ಎಲ್ಲಿಗೆ ಹೋಗುತ್ತದೆಂದು ಯೋಚಿಸದಿದ್ದ ನಗರವಾಸಿಗಳಿಗೆ ಮೊದಲ ಬಾರಿಗೆ ಒಂದು ಸತ್ಯ ತಿಳಿಯಿತು: ನಾವು ‘ಎಸೆದೆವು’ ಎಂದುಕೊಂಡದ್ದು ಎಲ್ಲಿಗೂ ಹೋಗಿರಲಿಲ್ಲ, ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿತ್ತು. ನಮ್ಮ ಮಕ್ಕಳಂತೆಯೇ ಶಾಲೆಗೆ ಹೋಗುವ ಮಂಡೂರಿನ ಮಕ್ಕಳು ಆ ನಾತದಲ್ಲೇ ಕುಳಿತು ಪಾಠ ಓದುತ್ತಿದ್ದರು.

2014ರಲ್ಲಿ ಮಂಡೂರಿನ ಜನ ಮತ್ತೆ ಹೋರಾಟಕ್ಕಿಳಿದರು. ನವೆಂಬರ್ ಕೊನೆಗೆ ಕಸ ಸುರಿಯುವುದನ್ನು ನಿಲ್ಲಿಸುವುದಾಗಿ ಸರ್ಕಾರ ಮಾತು ಕೊಟ್ಟಿತು, ಅದರಂತೆ ನಿಂತಿತು. ಆದರೆ ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಲಾರಿಗಳು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೆಯ ಕಲ್ಲುಕ್ವಾರಿಗಳತ್ತ ತಿರುಗಿದವು. ಊರಿನ ಹೆಸರು ಬದಲಾಯಿತು, ಕಸ ಬದಲಾಗಲಿಲ್ಲ. ಏಕೆ ಬದಲಾಗಲಿಲ್ಲ ಎಂಬುದಕ್ಕೆ ಉತ್ತರ ವಿಜ್ಞಾನದಲ್ಲಿದೆ.

ಬೆರೆತರೆ ಕಸ, ಬೇರೆಯಾದರೆ ಸರಕು

ಬಾಳೆಹಣ್ಣಿನ ಸಿಪ್ಪೆ ಕಸವೇ? ಹಸುವಿಗೆ ಕೊಟ್ಟರೆ ಮೇವು, ಗುಂಡಿಗೆ ಹಾಕಿದರೆ ಗೊಬ್ಬರ. ಹಳೆಯ ಪತ್ರಿಕೆ ಕಸವೇ? ಗುಜರಿ ಅಂಗಡಿಯವನು ತೂಕಕ್ಕೆ ಹಣ ಕೊಡುತ್ತಾನೆ. ಹಾಲಿನ ಪ್ಲಾಸ್ಟಿಕ್ ಕವರು? ತೊಳೆದು ಒಣಗಿಸಿಟ್ಟರೆ ಅದಕ್ಕೂ ಗಿರಾಕಿ ಇದ್ದಾನೆ. ಈಗ ಈ ಮೂರನ್ನೂ ಒಂದೇ ಚೀಲಕ್ಕೆ ಹಾಕಿ, ಮೇಲೆ ಮಿಕ್ಕ ಸಾರನ್ನು ಸುರಿದು, ಬಾಯಿ ಕಟ್ಟಿ ಒಂದು ದಿನ ಬಿಡಿ. ಪತ್ರಿಕೆ ನೆನೆದು ಮುದ್ದೆಯಾಯಿತು, ಗುಜರಿಯವನು ಕೊಳ್ಳುವುದಿಲ್ಲ. ಕವರಿಗೆ ಕೊಳೆ ಹತ್ತಿತು, ಮರುಬಳಕೆಗೆ ಬಾರದು. ಸಿಪ್ಪೆಯನ್ನು ಹಸುವಿಗೆ ಕೊಡೋಣವೆಂದರೆ ಜೊತೆಗೆ ಪ್ಲಾಸ್ಟಿಕ್ ಹೋಗುತ್ತದೆ. ಮೂರು ಸರಕುಗಳು ಸೇರಿ ಒಂದು ಕಸವಾಯಿತು!

ನಮ್ಮ ನಗರಗಳ ಮನೆಗಳಿಂದ ಹೊರಬೀಳುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿ ಕಸ. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಕಾಫಿ ಚರಟ, ದೇವರಿಗೆ ಮುಡಿಸಿದ ಹೂವು, ಇವೆಲ್ಲ ಮಣ್ಣಿಗೆ ಮರಳಬೇಕಾದ ವಸ್ತುಗಳು. ಗಾಳಿಯಾಡುವ ಜಾಗದಲ್ಲಿ ಕೊಳೆತರೆ ಸೂಕ್ಷ್ಮಜೀವಿಗಳು ಇವನ್ನು ಗೊಬ್ಬರವಾಗಿ ಮಾರ್ಪಡಿಸುತ್ತವೆ. ಬೆಟ್ಟದಂಥ ರಾಶಿಯ ಅಡಿಯಲ್ಲಿ, ಗಾಳಿ ಸೋಕದಲ್ಲಿ ಕೊಳೆತರೆ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಕೆಲಸಕ್ಕಿಳಿಯುತ್ತವೆ. ಆಗ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಮೀಥೇನಿನ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ಕಸದ ರಾಶಿಗಳಿಗೆ ತಾವಾಗಿಯೇ ಬೆಂಕಿ ಹತ್ತಿಕೊಳ್ಳುವುದಕ್ಕೂ ಈ ಅನಿಲ ಒಂದು ಕಾರಣ. ಇನ್ನು ಆ ಕಪ್ಪು ರಸ? ಹಸಿ ಕಸದ ನೀರು ಬ್ಯಾಟರಿ, ಬಲ್ಬು, ಬಣ್ಣದ ಡಬ್ಬಗಳ ನಡುವೆ ಇಳಿಯುವಾಗ ಅವುಗಳಲ್ಲಿರುವ ಸೀಸ, ಪಾದರಸದಂಥ ಲೋಹಗಳನ್ನು ಕರಗಿಸಿಕೊಂಡು ಅಂತರ್ಜಲದತ್ತ ಹೋಗಬಲ್ಲದು.

ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸುವುದು ಎಷ್ಟು ಕಷ್ಟ! ರಾಗಿ ಮತ್ತು ಸಾಸಿವೆಯನ್ನು ಬೆರೆಸಲು ಒಂದು ಕ್ಷಣ ಸಾಕು, ಆರಿಸಲು ಒಂದು ದಿನ ಬೇಕು. ಮನೆಯಲ್ಲಿ ಬೇರೆ ಇಡುವುದಕ್ಕೆ ತಗಲುವ ಖರ್ಚು ಇನ್ನೊಂದು ಬುಟ್ಟಿಯದ್ದು ಮಾತ್ರ. ಬೆರೆತ ಮೇಲೆ ಬೇರ್ಪಡಿಸಲು ಕೋಟ್ಯಂತರ ರೂಪಾಯಿಯ ಯಂತ್ರ ಬೇಕು, ಇಲ್ಲವೇ ಯಾರೋ ಒಬ್ಬರು ಬರಿಗೈಯಲ್ಲಿ ನಮ್ಮ ಕೊಳೆಯನ್ನು ಕೆದಕಬೇಕು.

ಕಸದಿಂದ ಗೊಬ್ಬರ ಮಾಡುವುದು ನಮಗೆ ಹೊಸದಲ್ಲ. ಹಳ್ಳಿಯಲ್ಲಿ ತಿಪ್ಪೆ ಎಂದರೆ ಸಂಪತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಪೂಜೆ ಮಾಡಿ ದೀಪವಿಡುವ ಪದ್ಧತಿ ನಮ್ಮ ನಾಡಿನ ಎಷ್ಟೋ ಕಡೆ ಇದೆ. 1975ರಷ್ಟು ಹಿಂದೆಯೇ ನಮ್ಮ ಸರ್ಕಾರ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತ್ತು. ಜ್ಞಾನವೂ ಇತ್ತು, ಸಂಸ್ಥೆಯೂ ಇತ್ತು. ಕೊರತೆ ಇದ್ದದ್ದು ಮನೆಯಲ್ಲಿ ಎರಡನೆಯ ಬುಟ್ಟಿಗೆ.

ನಾಗರಿಕರು ಮಾಡಿದ್ದೇನು?

ಇಲ್ಲಿಂದ ಮುಂದಿನ ಕಥೆ ಸ್ವಯಂಸೇವಕರದು. ಅಲ್ಮಿತ್ರಾ ಪಟೇಲ್ ಬೆಂಗಳೂರಿನ ನಿವಾಸಿ, ಓದಿದ್ದು ಎಂಜಿನಿಯರಿಂಗ್. ನಗರಗಳು ಕಸವನ್ನು ಊರಾಚೆ ಸುರಿದು ಕೈತೊಳೆದುಕೊಳ್ಳುವುದರ ವಿರುದ್ಧ ಅವರು 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಅದರ ಫಲವಾಗಿ 2000ದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಗರ ಘನತ್ಯಾಜ್ಯ ನಿಯಮಗಳು ಬಂದವು. ಅಧಿಕಾರವಿಲ್ಲದ ಒಬ್ಬ ನಾಗರಿಕರ ಛಲ ದೇಶದ ಕಾನೂನಿಗೆ ಕಾರಣವಾಯಿತು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

2012ರ ಬಿಕ್ಕಟ್ಟಿನ ವೇಳೆಗೆ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಗೃಹಿಣಿಯರು, ನಿವೃತ್ತರು, ಉದ್ಯೋಗಸ್ಥರು ತಮ್ಮ ತಮ್ಮ ಬೀದಿ, ಅಪಾರ್ಟ್‌ಮೆಂಟುಗಳಲ್ಲಿ ಕಸ ಬೇರ್ಪಡಿಸುವ ಪ್ರಯೋಗ ಆರಂಭಿಸಿದ್ದರು. ಅದೇ ವರ್ಷ ಅಕ್ಟೋಬರ್ 1ರಿಂದ ಆಗಿನ ಬಿಬಿಎಂಪಿ ಮೂಲದಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. ಆದರೆ ಕಾಗದದ ಮೇಲಿನ ಕಡ್ಡಾಯ ಅಡುಗೆಮನೆ ತಲುಪುವುದು ಸುಲಭವಲ್ಲ. ‘ಹಸಿ ಯಾವುದು, ಒಣ ಯಾವುದು?’ ಎಂಬ ಗೊಂದಲವೇ ತೀರಲಿಲ್ಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಒಂದು ಸರಳ ಸೂತ್ರಕ್ಕೆ ಒಪ್ಪಿಗೆಯಿತ್ತಿತು: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರು, ಪ್ಯಾಡು, ಬ್ಯಾಂಡೇಜಿನಂಥ ತಿರಸ್ಕೃತ ಕಸ, ಚೀಲಕ್ಕೆ ಒಣ ಕಸ. ನಾಗರಿಕ ಗುಂಪುಗಳು ತಮ್ಮ ಬೀದಿಗಳಲ್ಲಿ ಮಾಡಿ ನೋಡಿದ್ದ ವಿಧಾನವೇ ನಗರದ ನಿಯಮವಾಯಿತು! ಮರುವರ್ಷ, 2016ರಲ್ಲಿ, ಕೇಂದ್ರದ ಹೊಸ ನಿಯಮಗಳು ಮನೆಯಲ್ಲೇ ಮೂರು ಬಗೆಯಾಗಿ ಬೇರ್ಪಡಿಸುವ ಹೊಣೆಯನ್ನು ದೇಶದ ಎಲ್ಲ ನಾಗರಿಕರ ಮೇಲೆ ಹೊರಿಸಿದವು. 2025ರಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳಾದವು. ಆಡಳಿತದ ಫಲಕಗಳು ಬದಲಾಗಬಹುದು. ಅಡುಗೆಮನೆಯ ಕೆಲಸ ಬದಲಾಗುವುದಿಲ್ಲ.

ಇದೇ ನಗರದಲ್ಲಿ 2010ರ ಸುಮಾರಿಗೆ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪು ಹುಟ್ಟಿತು. ಸದಸ್ಯರು ಹೆಸರು ಹೇಳಿಕೊಳ್ಳುವುದಿಲ್ಲ, ಭಾಷಣ ಮಾಡುವುದಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಆರಂಭಿಸಿ, ಜನ ಕಸ ಸುರಿಯುವ ಮೂಲೆಗಳನ್ನು ಒಂದೊಂದಾಗಿ ಸರಿಪಡಿಸುತ್ತ ಹೋದರು. ಅವರಿಂದ ಕಲಿಯಬೇಕಾದದ್ದು ಪೊರಕೆ ಹಿಡಿಯುವುದನ್ನಲ್ಲ, ನೋಡುವುದನ್ನು. ಒಂದು ಮೂಲೆಯಲ್ಲಿ ಕಸ ಯಾರು, ಯಾವ ಹೊತ್ತಿನಲ್ಲಿ, ಏಕೆ ಸುರಿಯುತ್ತಾರೆಂದು ಮೊದಲು ಗಮನಿಸುತ್ತಾರೆ. ಕಾರಣ ತಿಳಿದ ಮೇಲೆ ಗುಡಿಸಿ, ಗೋಡೆಗೆ ಬಣ್ಣ ಬಳಿದು, ಹೂಕುಂಡ ಇಟ್ಟು ಆ ಜಾಗದ ರೂಪವನ್ನೇ ಬದಲಿಸುತ್ತಾರೆ. ವೀಕ್ಷಣೆ, ಕಾರಣ, ಪ್ರಯೋಗ, ಫಲಿತಾಂಶ. ಪಠ್ಯಪುಸ್ತಕದ ವೈಜ್ಞಾನಿಕ ವಿಧಾನ ಇದಲ್ಲದೆ ಇನ್ನೇನು?

ನಾವು ‘ಚಿಂದಿ ಆಯುವವರು’ ಎಂದು ಕಡೆಗಣಿಸಿದ ಜನರನ್ನೂ ಇಲ್ಲಿ ನೆನೆಯಬೇಕು. ಪಾಲಿಕೆ ಒಣ ಕಸದ ತಾಣಗಳನ್ನು ಗೊತ್ತುಮಾಡುವ ಎಷ್ಟೋ ವರ್ಷ ಮೊದಲಿನಿಂದ ಗಾಜು, ಲೋಹ, ಪ್ಲಾಸ್ಟಿಕ್ಕನ್ನು ಬಗೆಬಗೆಯಾಗಿ ವಿಂಗಡಿಸಿ ಮರುಬಳಕೆಗೆ ಕಳಿಸುತ್ತಿದ್ದವರು ಅವರೇ. ‘ಹಸಿರು ದಳ’ದಂಥ ಸಂಘಟನೆಗಳ ಪ್ರಯತ್ನದಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ನಡೆಸುವ ಹೊಣೆಯೂ ದೊರೆಯಿತು. ಪ್ಲಾಸ್ಟಿಕ್ಕಿನ ಬಗೆಗಳನ್ನು ಅವರಷ್ಟು ಚೆನ್ನಾಗಿ ಗುರುತಿಸುವುದು ರಸಾಯನಶಾಸ್ತ್ರ ಓದಿದ ನಮಗೂ ಕಷ್ಟ. ಅವರಿಗಾಗಿ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಒಣ ಕಸವನ್ನು ಒಣದಾಗಿಯೇ ಕೊಡುವುದು.

ನಮ್ಮ ಮೈಸೂರಿನ ಹೆಸರನ್ನೂ ಹೇಳಬೇಕು. 2015 ಮತ್ತು 2016ರ ರಾಷ್ಟ್ರಮಟ್ಟದ ಸ್ವಚ್ಛತಾ ಶ್ರೇಯಾಂಕಗಳಲ್ಲಿ ಮೈಸೂರು ಮೊದಲ ಸ್ಥಾನ ಪಡೆಯಿತು. ಅದರ ಹಿಂದೆ ಅಗಲವಾದ ರಸ್ತೆಗಳಷ್ಟೇ ಇರಲಿಲ್ಲ. ಕುಂಬಾರಕೊಪ್ಪಲಿನಂಥ ಕಡೆ ಬಡಾವಣೆಯ ಕಸವನ್ನು ಅಲ್ಲೇ ವಿಂಗಡಿಸಿ ಗೊಬ್ಬರ, ಗುಜರಿ ಎಂದು ವಿಲೇವಾರಿ ಮಾಡುವ ಘಟಕಗಳೂ ಇದ್ದವು.

ಪರಿಷೆಯೂ ಒಂದು ಪಾಠಶಾಲೆ

ಸಮುದಾಯದ ಕಾರ್ಯಕ್ರಮವೆಂದರೆ ಪರಿಸರ ದಿನ ಮಾತ್ರವಲ್ಲ. ನಮ್ಮ ಬೀದಿಗಳಲ್ಲಿ ವರ್ಷವಿಡೀ ಜನ ಸೇರುತ್ತಾರೆ: ಗಣೇಶೋತ್ಸವ, ರಾಜ್ಯೋತ್ಸವ, ರಾಮನವಮಿಯ ಪಾನಕ, ಅಣ್ಣಮ್ಮನ ಉತ್ಸವ, ಶಾಲಾ ವಾರ್ಷಿಕೋತ್ಸವ. ಹೆಚ್ಚು ಕಸ ಹುಟ್ಟುವುದೂ ಇಲ್ಲೇ, ಹೆಚ್ಚು ಜನಕ್ಕೆ ಒಮ್ಮೆಗೇ ಕಲಿಸುವ ಅವಕಾಶ ಇರುವುದೂ ಇಲ್ಲೇ.

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡಿ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ಜನಸಾಗರ. ರಾಶಿರಾಶಿ ಕಡಲೆಕಾಯಿ, ಕಾಲಿಟ್ಟಲ್ಲೆಲ್ಲ ಸಿಪ್ಪೆ. ಈ ಸಿಪ್ಪೆ ಕಸವೇ? ಅಲ್ಲ, ಗೊಬ್ಬರಕ್ಕೆ ಬೇಕಾದ ಇಂಗಾಲದ ಕಣಜ. ಆದರೆ ಅದು ಪ್ಲಾಸ್ಟಿಕ್ ಚೀಲ, ಐಸ್‌ಕ್ರೀಂ ಕಪ್ಪು, ನೀರಿನ ಬಾಟಲಿಗಳ ಜೊತೆ ಬೆರೆತಾಗ ಯಾರಿಗೂ ಬೇಡದ ವಸ್ತುವಾಗುತ್ತದೆ. ಪರಿಷೆಗೆ ಬರುವವರು ಮನೆಯಿಂದಲೇ ಬಟ್ಟೆ ಚೀಲ ತರಬೇಕೆಂಬ ಪ್ರಚಾರ ಈಚಿನ ವರ್ಷಗಳಲ್ಲಿ ನಡೆದಿದೆ. ಒಂದು ಚೀಲ ತಂದರೆ ಒಂದು ಪ್ಲಾಸ್ಟಿಕ್ ಚೀಲ ಉಳಿಯಿತು ಎಂದಷ್ಟೇ ಅಲ್ಲ. ಅದರ ಜೊತೆ ಬೆರೆತು ಹಾಳಾಗುತ್ತಿದ್ದ ಸಿಪ್ಪೆಯೂ ಉಳಿಯಿತು.

ಇನ್ನು ಊಟದ ಲೆಕ್ಕ. ಬೀದಿಯ ಗಣೇಶನ ಪ್ರಸಾದಕ್ಕೆ 200 ಜನ ಬಂದರೆಂದು ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಒಂದು ತಟ್ಟೆ, ಎರಡು ಲೋಟ, ಒಂದು ಚಮಚ ಎಂದರೆ ಒಂದೇ ಹೊತ್ತಿಗೆ 800 ವಸ್ತುಗಳು ಬುಟ್ಟಿಗೆ! ಅಡಿಕೆ ಹಾಳೆಯ ತಟ್ಟೆ, ಮುತ್ತುಗದ ಎಲೆ, ಬಾಳೆಲೆ ಕೊಳೆಯುತ್ತವೆ. ಸ್ಟೀಲ್ ತಟ್ಟೆಯಾದರೆ ತೊಳೆದು ಮತ್ತೆ ಬಳಸಬಹುದು. ಕಾರ್ಯಕ್ರಮಗಳಿಗೆ ಸ್ಟೀಲ್ ತಟ್ಟೆ, ಲೋಟ ಎರವಲು ಕೊಡುವ ‘ತಟ್ಟೆ ಬ್ಯಾಂಕು’ಗಳು ಬೆಂಗಳೂರಿನಲ್ಲಿವೆ. ನಿಮ್ಮ ಬೀದಿಯ ಹತ್ತು ಮನೆಯವರು ಹತ್ತು ಹತ್ತು ತಟ್ಟೆ ಕೊಟ್ಟರೂ ನೂರು ತಟ್ಟೆಯ ಬ್ಯಾಂಕು ಸಿದ್ಧವಾಯಿತು.

‘ಕಾಗದದ ಲೋಟ ಇದೆಯಲ್ಲ, ಅದು ಕೊಳೆಯುತ್ತದೆ’ ಎನ್ನುವವರಿದ್ದಾರೆ. ವಿದ್ಯಾರ್ಥಿಗಳೇ, ಒಂದು ಸಣ್ಣ ಪ್ರಯೋಗ ಮಾಡಿ. ಕಾಫಿ ಕುಡಿದ ಕಾಗದದ ಲೋಟವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಾಗದವನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ. ಒಳಗಿನಿಂದ ತೆಳ್ಳಗಿನ, ಪಾರದರ್ಶಕ ಪೊರೆಯೊಂದು ಕೈಗೆ ಬರುತ್ತದೆ. ಸಾಮಾನ್ಯವಾಗಿ ಅದು ಪಾಲಿಥೀನ್. ಅದಿಲ್ಲದಿದ್ದರೆ ಬಿಸಿ ಕಾಫಿ ಕಾಗದವನ್ನು ನೆನೆಸಿ ಸೋರುತ್ತಿತ್ತು. ಈ ಪೊರೆಯನ್ನು ಒಮ್ಮೆ ಕಣ್ಣಾರೆ ಕಂಡ ಮಗು ಅಪ್ಪನ ಕೈಗೆ ಸ್ಟೀಲ್ ಲೋಟ ಕೊಡುತ್ತದೆ. ಹತ್ತು ಭಾಷಣಗಳು ಮಾಡದ ಕೆಲಸ ಅದು.

ನಿಮ್ಮ ಬೀದಿಯಲ್ಲೊಂದು ಪ್ರಯೋಗ

ಈಗ ಮುಖ್ಯ ವಿಷಯಕ್ಕೆ ಬರೋಣ. ನಾಲ್ಕೈದು ಗೆಳೆಯ ಗೆಳತಿಯರು, ಜೊತೆಗೆ ಒಬ್ಬ ಹಿರಿಯರು ಸೇರಿ ನಾಲ್ಕು ವಾರದ ಪ್ರಯೋಗವೊಂದನ್ನು ಕೈಗೊಳ್ಳಬಹುದು. ಬೇಕಾದ ಸಾಮಗ್ರಿ: ಒಂದು ನೋಟುಪುಸ್ತಕ, ಒಂದು ತೂಗುತಕ್ಕಡಿ, ಕೈಗವಸು, ತಾಳ್ಮೆ.

ಮೊದಲ ವಾರ ಉಪದೇಶ ಬೇಡ, ನೋಡುವುದು ಮಾತ್ರ. ಕಸದ ಆಟೋ ಬೀದಿಗೆ ಎಷ್ಟು ಗಂಟೆಗೆ ಬರುತ್ತದೆ? ಐವತ್ತು ಮನೆಗಳಲ್ಲಿ ಎಷ್ಟು ಮನೆಯವರು ಹಸಿ, ಒಣ ಬೇರೆ ಮಾಡಿ ಕೊಡುತ್ತಾರೆ? ಆಟೋ ತಪ್ಪಿಸಿಕೊಂಡವರು ಕಸವನ್ನು ಎಲ್ಲಿಡುತ್ತಾರೆ? ಮನೆಯ ಹೆಸರು, ಸಂಖ್ಯೆ ಬರೆಯಬೇಡಿ. ಎಷ್ಟು ಎಂಬುದಷ್ಟೇ ಸಾಕು. ಯಾರನ್ನೋ ಅವಮಾನಿಸುವುದು ನಮ್ಮ ಉದ್ದೇಶವಲ್ಲ. ಕಸ ಒಯ್ಯುವ ಪೌರಕಾರ್ಮಿಕ ಅಮ್ಮನನ್ನು ಗೌರವದಿಂದ ಮಾತನಾಡಿಸಿ. ಬೀದಿಯ ಕಸದ ವಿಷಯದಲ್ಲಿ ಅವರಿಗಿಂತ ದೊಡ್ಡ ತಜ್ಞರು ಸಿಗುವುದಿಲ್ಲ. ಬುಟ್ಟಿಯಲ್ಲಿ ಒಡೆದ ಗಾಜು ಚುಚ್ಚಿದ ಗಾಯವನ್ನು ಅವರು ತೋರಿಸಿದರೆ, ‘ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಿ’ ಎಂಬ ಮಾತಿನ ಅರ್ಥ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಎರಡನೆಯ ವಾರ ಮನೆಮನೆ ಭೇಟಿ. ಎರಡು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ. ಒಂದು ಪ್ರಶ್ನೆಗೆ ಮಾತ್ರ ಸಿದ್ಧರಾಗಿ ಹೋಗಿ: ‘ನಾವು ಬೇರೆ ಮಾಡಿ ಕೊಟ್ಟರೇನು ಮರಿ, ಲಾರಿಯಲ್ಲಿ ಎಲ್ಲ ಒಟ್ಟಿಗೇ ಸುರಿಯುತ್ತಾರಲ್ಲ?’ ಇದು ನ್ಯಾಯವಾದ ಪ್ರಶ್ನೆ. ಕೆಲವು ಕಡೆ ಹಾಗೆ ನಡೆಯುವುದೂ ನಿಜ. ಅದಕ್ಕೆ ಉತ್ತರ ನಿಮ್ಮ ನೋಟುಪುಸ್ತಕದಲ್ಲಿರಬೇಕು. ‘ಹೌದು ಅಜ್ಜಿ, ಕಳೆದ ವಾರ ಏಳು ದಿನದಲ್ಲಿ ಎರಡು ದಿನ ಬೆರೆಸಿದರು, ಬರೆದಿಟ್ಟಿದ್ದೇವೆ, ವಾರ್ಡ್ ಕಚೇರಿಗೆ ಕೊಡುತ್ತೇವೆ. ನೀವು ಬೇರೆ ಮಾಡಿ ಕೊಟ್ಟರಲ್ಲವೇ ನಾವು ಅವರನ್ನು ಕೇಳಲು ಸಾಧ್ಯ?’ ಎಂದು ಹೇಳಬಲ್ಲ ಹುಡುಗಿಯ ಮಾತಿಗೆ ಬೆಲೆಯಿದೆ. ದಿನಾಂಕ, ಸಮಯ, ಸಂಖ್ಯೆಗಳಿರುವ ಅರ್ಜಿಯನ್ನು ಅಧಿಕಾರಿಗಳು ಸುಲಭವಾಗಿ ಪಕ್ಕಕ್ಕಿಡಲಾರರು.

ಮೂರನೆಯ ವಾರ ತೂಕ. ಒಪ್ಪಿದ ಹತ್ತು ಮನೆಗಳ ಹಸಿ ಕಸವನ್ನು ಮನೆಯವರಿಂದಲೇ ದಿನವೂ ತೂಗಿಸಿ, ಸರಾಸರಿ ತೆಗೆಯಿರಿ. ಮನೆಗೆ 600 ಗ್ರಾಂ ಬಂತೆನ್ನಿ. ಐವತ್ತು ಮನೆಗೆ ದಿನಕ್ಕೆ 30 ಕೆ.ಜಿ. ವರ್ಷಕ್ಕೆ 10,950 ಕೆ.ಜಿ., ಅಂದರೆ ಸುಮಾರು 11 ಟನ್! ಒಂದೇ ಬೀದಿಯಿಂದ ಇಷ್ಟು ಭಾರ ಯಾವುದೋ ಮಂಡೂರಿಗೆ ಹೋಗದಂತೆ ತಡೆಯಬಹುದಲ್ಲವೇ?

ನಾಲ್ಕನೆಯ ವಾರ ಮತ್ತೆ ಎಣಿಕೆ. ಮೊದಲ ವಾರ ಐವತ್ತರಲ್ಲಿ ಎಷ್ಟು, ಈಗ ಎಷ್ಟು? ಸ್ತಂಭಾಲೇಖ ಬರೆದು ದೇವಸ್ಥಾನದ ಅಥವಾ ದಿನಸಿ ಅಂಗಡಿಯ ಫಲಕದಲ್ಲಿ ಅಂಟಿಸಿ. ಸಂಖ್ಯೆ ಏರಿರದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಪ್ರಯೋಗದಲ್ಲಿ ಬಂದ ಉತ್ತರ ನಮಗೆ ಇಷ್ಟವಾಗಲಿಲ್ಲವೆಂದು ತಿದ್ದುವಂತಿಲ್ಲ. ಆರು ತಿಂಗಳ ಬಳಿಕ ಇನ್ನೊಮ್ಮೆ ಎಣಿಸಿದರೆ ಅಭ್ಯಾಸ ನಿಂತಿತೇ, ಜಾರಿತೇ ಎಂಬುದೂ ತಿಳಿಯುತ್ತದೆ.

ಗೊಬ್ಬರದ ಮಡಕೆ

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವವರಿಗೆ ನಾಲ್ಕು ಮಾತು. ತೂತುಗಳಿರುವ ಒಂದು ದೊಡ್ಡ ಮಡಕೆ ಅಥವಾ ಹಳೆಯ ಡ್ರಮ್ಮು ಸಾಕು. ಸೂಕ್ಷ್ಮಜೀವಿಗಳಿಗೂ ಸಮತೋಲನದ ಆಹಾರ ಬೇಕು: ಒಂದು ಭಾಗ ಸಾರಜನಕಕ್ಕೆ ಸುಮಾರು 25ರಿಂದ 30 ಭಾಗ ಇಂಗಾಲ. ಅಡುಗೆಮನೆಯ ಸಿಪ್ಪೆಗಳಲ್ಲಿ ಸಾರಜನಕ ಹೆಚ್ಚು, ತರಗೆಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟಿನಲ್ಲಿ ಇಂಗಾಲ ಹೆಚ್ಚು. ಆದ್ದರಿಂದ ಒಂದು ಪದರ ಹಸಿ ಕಸ ಹಾಕಿದರೆ ಮೇಲೊಂದು ಪದರ ತರಗೆಲೆ. ಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುವ ತರಗೆಲೆಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಆರಂಭದಲ್ಲಿ ಒಂದಿಷ್ಟು ಹುಳಿ ಮಜ್ಜಿಗೆ ಅಥವಾ ಹಳೆಯ ಗೊಬ್ಬರ ಬೆರೆಸಿದರೆ ಕೆಲಸ ಬೇಗ ಶುರುವಾಗುತ್ತದೆ.

ವಾರಕ್ಕೆರಡು ಬಾರಿ ಕೆದಕಿ ಗಾಳಿಯಾಡಿಸಬೇಕು. ಒಂದು ಹಿಡಿ ತೆಗೆದು ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ನೀರು ಹೆಚ್ಚಾಗಿದೆ ಎಂದು ತಿಳಿಯಿರಿ. ಮೂಗಿಗೆ ಚುರುಗುಟ್ಟುವ ಅಮೋನಿಯ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ. ಎರಡಕ್ಕೂ ಮದ್ದು ಒಂದೇ, ಇನ್ನಷ್ಟು ತರಗೆಲೆ. ಹುಳುಗಳನ್ನು ಕಂಡು ಗಾಬರಿ ಬೇಡ. ಅವೂ ಕೊಳೆಸುವ ಕೆಲಸಗಾರರೇ. ದೊಡ್ಡ ರಾಶಿಯಾದರೆ ಒಳಗಿನ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಶಾಲೆಯ ಗೊಬ್ಬರ ಗುಂಡಿಯಿದ್ದರೆ ಪ್ರಯೋಗಾಲಯದ ಉಷ್ಣತಾಮಾಪಕದಿಂದ ದಿನವೂ ಅಳೆದು ಬರೆಯಿರಿ. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಜೂನ್ 5ರಂದು ನೆಟ್ಟು ಮರೆತ ಸಸಿಗೆ ಅದನ್ನೇ ಹಾಕಿದರೆ ಸಸಿಯೂ ಬದುಕುತ್ತದೆ.

ಪೋಷಕರಿಗೆ ಎರಡು ಮಾತು

‘ಓದುವ ಹುಡುಗ ಕಸದ ಹಿಂದೆ ಹೋದರೆ ಪರೀಕ್ಷೆ ಗತಿಯೇನು?’ ಎಂದು ತಂದೆತಾಯಿಯರು ಕೇಳುವುದು ಸಹಜ. ನಾನು ಕೇಳುತ್ತಿರುವುದು ವಾರಕ್ಕೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಸರಾಸರಿ, ಶೇಕಡಾವಾರು, ಆಲೇಖ, ಕೊಳೆಯುವಿಕೆ, ಇಂಗಾಲದ ಚಕ್ರ, ಪಾಲಿಮರು, ಜೊತೆಗೆ ಅಪರಿಚಿತರೊಡನೆ ವಿನಯದಿಂದ ಮಾತನಾಡುವ ಕಲೆ, ಇಷ್ಟನ್ನೂ ಕಲಿಸುವ ಟ್ಯೂಷನ್ ಇದ್ದರೆ ನನಗೂ ತಿಳಿಸಿ.

ಆದರೆ ಕೆಲವು ಎಚ್ಚರಗಳು ಅಗತ್ಯ. ಕೆಂಪು ಬುಟ್ಟಿಯ ಕಸ, ಸಿರಿಂಜು, ಒಡೆದ ಗಾಜು, ಬ್ಯಾಟರಿಗಳನ್ನು ಮಕ್ಕಳು ಮುಟ್ಟಕೂಡದು. ಕಸದ ರಾಶಿಗೆ ಕೈ ಹಾಕುವುದು, ಚರಂಡಿಗಿಳಿಯುವುದು, ವಾಹನ ಓಡಾಡುವ ರಸ್ತೆಯಲ್ಲಿ ಗುಡಿಸುವುದು ಬೇಡ. ಮನೆಭೇಟಿಗೆ ಹಿರಿಯರೊಬ್ಬರು ಜೊತೆಗಿರಲಿ. ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಲಿ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ‘ಅದು ನಮ್ಮ ಕೆಲಸವಲ್ಲ, ಅದಕ್ಕೆಂದೇ ಜನ ಇದ್ದಾರೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಮಕ್ಕಳ ಎದುರಿಗೇ ಬರುತ್ತದೆ. ಆ ‘ಜನ’ ಯಾರು, ಅವರೇ ಏಕೆ ತಲೆಮಾರುಗಳಿಂದ ಆ ಕೆಲಸದಲ್ಲಿದ್ದಾರೆ ಎಂದು ಮಗು ಕೇಳಿದರೆ ನಮ್ಮಲ್ಲಿ ಉತ್ತರವಿದೆಯೇ? ತಾನು ಮಾಡಿದ ಕಸವನ್ನು ತಾನೇ ಬೇರ್ಪಡಿಸುವ ಮಗು ಇನ್ನೊಬ್ಬರ ದುಡಿಮೆಯನ್ನು ಹಗುರವಾಗಿ ಕಾಣುವುದಿಲ್ಲ. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲದಿರಬಹುದು, ಬದುಕಿನಲ್ಲಿದೆ.

ನಗರ ಬೆಳೆಯುತ್ತಲೇ ಹೋಗುತ್ತದೆ. ಕಸ ಸುರಿಯಲು ಹೊಸ ಹಳ್ಳಿಗಳನ್ನು ಹುಡುಕುತ್ತ ಹೋಗುವುದಕ್ಕೆ ಕೊನೆಯಿಲ್ಲ. ಅದು ನ್ಯಾಯವೂ ಅಲ್ಲ. ಲಾರಿ, ಯಂತ್ರ, ಕಾನೂನು, ನ್ಯಾಯಾಲಯ ಎಲ್ಲವೂ ಬೇಕು. ಆದರೆ ಇವು ಯಾವುವೂ ನಮ್ಮ ಅಡುಗೆಮನೆಯ ಬಾಗಿಲು ದಾಟಿ ಒಳಗೆ ಬರಲಾರವು. ಅಲ್ಲಿಗೆ ತಲುಪಬಲ್ಲವರು ಆ ಮನೆಯ ಮಕ್ಕಳು ಮಾತ್ರ. ಮುಂದಿನ ಭಾನುವಾರ ನಿಮ್ಮ ಬೀದಿಯಲ್ಲಿ ಶ್ರಮದಾನ ನಡೆದರೆ ಉತ್ಸಾಹದಿಂದ ಹೋಗಿ ಬನ್ನಿ, ಕಾಫಿಗೆ ಮನೆಯಿಂದಲೇ ಸ್ಟೀಲ್ ಲೋಟ ಒಯ್ಯಿರಿ. ಸೋಮವಾರ ಬೆಳಿಗ್ಗೆ ಬುಟ್ಟಿ ಹೊರಗಿಡುವ ಮುನ್ನ ಒಮ್ಮೆ ಒಳಗೆ ಇಣುಕಿ ನೋಡಿ. ಅಲ್ಲಿ ಹಸಿ ಮಾತ್ರ ಇದ್ದರೆ ನಿನ್ನೆಯ ಬೆವರು ಸಾರ್ಥಕ.